ಒಲೆಯ ಮುಂದೆ ಕೂತವಳ ಬೆನ್ನು

ನನ್ನ ಕೆಲಸ ಸಿನಿಮಾಕ್ಕೆ ಮನೆ ಕಟ್ಟುವುದು. ತೆರೆಯ ಮೇಲೆ ಅದನ್ನು ಕಲಾ ನಿರ್ದೇಶನ ಎಂದು ಬರೆಯುತ್ತಾರೆ. ರಾಣೆಬೆನ್ನೂರಿನ ನಮ್ಮ ಓಣಿಯವರು ಮಾತ್ರ ಬಹಳ ವರ್ಷ ನನ್ನನ್ನು ಸಿನಿಮಾದಾಗ ಗೋಡಿಗೆ ಬಣ್ಣ ಹಚ್ಚಾಕಿ ಎಂದೇ ಕರೆಯುತ್ತಿದ್ದರು. ಅದು ಸುಳ್ಳೂ ಆಗಿರಲಿಲ್ಲ. ಗೋಡೆಗೆ ಬಣ್ಣ ಹಚ್ಚಿಸುವುದು, ಆ ಬಣ್ಣ ಎಷ್ಟೋ ಕಾಲದ ಹಿಂದಿನದು ಅನ್ನಿಸುವಂತೆ ಕೆಡಿಸುವುದು, ಚಿತ್ರೀಕರಣ ಮುಗಿದ ಮೇಲೆ ಅದೇ ಗೋಡೆಯನ್ನು ಬಿಚ್ಚಿ ಲಾರಿಗೆ ಹಾಕಿಸುವುದು. ಇಷ್ಟೇ ನನ್ನ ಕಸುಬು.

ಅಪ್ಪನದು ಬೀಜದ ಅಂಗಡಿ. ಬೀಜದ ಚೀಲಗಳ ಮೇಲೆ ಅಂಟಿಸಲು ಬರುತ್ತಿದ್ದ ಕಾಗದಗಳ ಹಿಂಬದಿ ಖಾಲಿ ಇರುತ್ತಿತ್ತು. ಅದರ ಮೇಲೆ ಚಿತ್ರ ಬರೆಯುತ್ತಾ ಬೆಳೆದೆ. ದಾವಣಗೆರೆಯಲ್ಲಿ ಚಿತ್ರಕಲೆ ಕಲಿತೆ. ಆಮೇಲೆ ಬೆಂಗಳೂರಿನಲ್ಲಿ ಒಬ್ಬ ಹಿರಿಯ ಕಲಾ ನಿರ್ದೇಶಕರ ಕೈಕೆಳಗೆ ಸೇರಿದೆ. ಬಡಗಿಗಳು, ಪೇಂಟರ್‌ಗಳು ಎಲ್ಲ ಗಂಡಸರೇ ಇದ್ದ ಕೆಲಸ ಅದು. ಮೊದಮೊದಲು ನನ್ನನ್ನು ಯಾರದೋ ಮನೆಯ ಹುಡುಗಿ ಶೂಟಿಂಗ್ ನೋಡಲು ಬಂದಿದ್ದಾಳೆ ಎಂದುಕೊಂಡು ಕುರ್ಚಿ ಹಾಕಿ ಕೂರಿಸುತ್ತಿದ್ದರು. ಗುರುಗಳು ಹೆಚ್ಚು ಮಾತಿನವರಲ್ಲ. ಬಾಗಿಲ ಚೌಕಟ್ಟಿಗೆ ಎಣ್ಣೆಜಿಡ್ಡು ಹಚ್ಚುವಾಗ, ಆ ಮನೆಯವರ ಕೈ ಎಷ್ಟು ಎತ್ತರಕ್ಕೆ ಬೀಳುತ್ತದೆ ಎಂದು ಕೇಳುತ್ತಿದ್ದರು. ಮನೆಯಲ್ಲಿ ಮುದುಕರಿದ್ದರೆ ಒಂದು ಎತ್ತರ, ಕೂಸುಗಳಿದ್ದರೆ ಇನ್ನೊಂದು. ಯಾರಿದ್ದಾರೆ ಎಂದು ಗೊತ್ತಿಲ್ಲದೆ ಮನೆ ಕಟ್ಟಬೇಡ ಅನ್ನುತ್ತಿದ್ದರು.

ನಮ್ಮ ಮನೆಯಲ್ಲಿ ಯಾರಿದ್ದರು ಎಂಬುದು ನನಗೆ ಗೊತ್ತಿದೆ ಎಂದೇ ನಾನು ತಿಳಿದಿದ್ದೆ. ಅಪ್ಪ, ನಾನು, ಚಿಗವ್ವ. ಹೆತ್ತವ್ವ ನಾನು ಸಣ್ಣವಳಿದ್ದಾಗಲೇ ಜ್ವರ ಬಂದು ಮೋಟೆಬೆನ್ನೂರಿನ ತವರಿನಲ್ಲಿ ತೀರಿಕೊಂಡಳಂತೆ. ಆಮೇಲೆ ಅಪ್ಪ ಕುಪ್ಪೇಲೂರಿನಿಂದ ಚಿಗವ್ವನನ್ನು ಲಗ್ನವಾಗಿ ತಂದರು. ಅವ್ವನಿಗೆ ಆಕೆ ದೂರದ ತಂಗಿಯೇ ಆಗಬೇಕು. ಚಿಗವ್ವನಿಗೆ ಮಕ್ಕಳಾಗಲಿಲ್ಲ. ನನ್ನನ್ನು ತಲೆ ಬಾಚಿ, ಉಣಿಸಿ, ಬೈದು, ದಾವಣಗೆರೆಗೆ ಕಳಿಸಲು ಅಪ್ಪನೊಂದಿಗೆ ಜಗಳವಾಡಿ ಬೆಳೆಸಿದವಳು ಅವಳೇ. ಆದರೂ ನನಗೆ ತಿಳಿವು ಬಂದ ಮೇಲೆ ಅವಳನ್ನು ನಾನು ಅವ್ವಾ ಎಂದು ಕರೆಯಲಿಲ್ಲ. ಆ ಶಬ್ದಕ್ಕೆ ನನ್ನೊಳಗೆ ಬೇರೊಬ್ಬಳು ಕೂತಿದ್ದಳು.

ಅವಳು ಕೂತದ್ದು ಒಲೆಯ ಮುಂದೆ. ಅವ್ವನದು ಎಂದು ನನಗಿದ್ದದ್ದು ಅದೊಂದೇ ನೆನಪು. ನೀಲಿ ಗೋಡೆಯ ಅಡುಗೆಮನೆ. ಮಾಳಿಗೆಯ ಬೆಳಕಿಂಡಿಯಿಂದ ಇಳಿದ ಬಿಸಿಲು ಹೊಗೆಯೊಳಗೆ ಕೋಲಿನ ಹಾಗೆ ನಿಂತಿದೆ. ಒಬ್ಬ ಹೆಂಗಸು ಬಾಗಿಲಿಗೆ ಬೆನ್ನು ಮಾಡಿ ಕೂತು ರೊಟ್ಟಿ ಬಡಿಯುತ್ತಿದ್ದಾಳೆ. ಎರಡೂ ಕೈಗೆ ಹಿಟ್ಟು ಮೆತ್ತಿದೆ. ಆಗೀಗ ತಲೆ ಬಗ್ಗಿಸಿ ಮುಖದ ಬೆವರನ್ನು ಹೆಗಲಿಗೆ ಒರೆಸಿಕೊಳ್ಳುತ್ತಾಳೆ. ನಾನು ಹೊಸ್ತಿಲಲ್ಲಿ ನಿಂತು ಅವ್ವಾ ಅನ್ನುತ್ತೇನೆ. ಅವಳು ತಿರುಗುವುದಿಲ್ಲ. ಮತ್ತೆ ಅನ್ನುತ್ತೇನೆ. ರೊಟ್ಟಿಯ ಸಪ್ಪಳ ನಿಲ್ಲುತ್ತದೆ, ಆದರೂ ಅವಳು ತಿರುಗುವುದಿಲ್ಲ.

ದೊಡ್ಡವಳಾದ ಮೇಲೂ ಇದು ಕನಸಿನಲ್ಲಿ ಬರುತ್ತಿತ್ತು. ಮನೆಯಲ್ಲಿ ಅವ್ವನ ಒಂದು ಫೋಟೋ ಇತ್ತು, ಲಗ್ನದ್ದು. ಬಾಸಿಂಗದ ಕೆಳಗೆ ಬಗ್ಗಿದ ಮುಖ. ಆ ಮುಖವನ್ನು ಆ ಬೆನ್ನಿಗೆ ಜೋಡಿಸಿ ನೋಡಲು ಎಷ್ಟೋ ಸಲ ಪ್ರಯತ್ನಿಸಿದ್ದೆ. ಕೂಡುತ್ತಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದರು. ಒಬ್ಬ ಹೊಸ ನಿರ್ದೇಶಕ ನಮ್ಮ ಕಡೆಯ ವ್ಯಾಪಾರಸ್ಥ ಮನೆಯೊಂದರ ಕಥೆ ಹಿಡಿದುಕೊಂಡು ನನ್ನ ಬಳಿ ಬಂದ. ಎಪ್ಪತ್ತರ ದಶಕದ ಕಥೆ. ಮುಕ್ಕಾಲು ಪಾಲು ಅಡುಗೆಮನೆಯಲ್ಲೇ ನಡೆಯುತ್ತದೆ. ಊರು ಹುಡುಕುವ ಕೆಲಸವನ್ನೂ ನನಗೇ ಬಿಟ್ಟ. ಹಾವೇರಿಯಲ್ಲಿ, ರಾಣೆಬೆನ್ನೂರಿನಲ್ಲಿ ಎಷ್ಟೋ ಮನೆ ನೋಡಿದೆ. ಎಲ್ಲ ಕಡೆ ಅಡುಗೆಮನೆಗೆ ಗ್ರಾನೈಟ್ ಕಟ್ಟೆ ಬಂದಿತ್ತು. ನಮ್ಮ ಹಳೆಯ ಮನೆಯನ್ನಂತೂ ಅಪ್ಪ ಎಂದೋ ಕೆಡವಿ ಆರ್‌ಸಿಸಿ ಮಾಡಿಸಿದ್ದರು. ಕೊನೆಗೆ ಬ್ಯಾಡಗಿಯಲ್ಲಿ ಒಂದು ಹಳೆಯ ಮನೆ ಸಿಕ್ಕಿತು. ಪಡಸಾಲೆ, ಅಂಗಳ ಚೆನ್ನಾಗಿದ್ದವು. ಅಡುಗೆಮನೆ ಮಾತ್ರ ಕ್ಯಾಮೆರಾ ಇಡಲು ಸಾಲದಷ್ಟು ಇಕ್ಕಟ್ಟು. ಹಿಂದೆಯೇ ಅವರದೊಂದು ಮೆಣಸಿನಕಾಯಿಯ ಗೋದಾಮು ಇತ್ತು, ಅರ್ಧ ಖಾಲಿ. ಅದರೊಳಗೆ ಅಡುಗೆಮನೆಯ ಸೆಟ್ ಹಾಕುವುದೆಂದು ತೀರ್ಮಾನವಾಯಿತು.

ಯಾವ ಅಡುಗೆಮನೆ ಎಂದು ನಾನು ಯೋಚಿಸಲೇ ಇಲ್ಲ. ಪೆನ್ಸಿಲ್ ಹಿಡಿದ ಕೂಡಲೇ ಕೈ ತಾನಾಗಿ ಬರೆಯಿತು. ಗೋಡೆಯೊಳಗಿನ ಗೂಡು, ಅದರಲ್ಲಿ ಉಪ್ಪಿನ ಗಡಿಗೆ. ಬಲಗಡೆ ನೀರಿನ ಹಂಡೆ. ಬಾಗಿಲಿಗೆ ಎದುರಾಗಿ ಒಲೆ. ಸುಣ್ಣಕ್ಕೆ ನೀಲಿ ಬೆರೆಸಿ ಹಚ್ಚುವಾಗ ಪೇಂಟರ್ ಸಾಕು ಮೇಡಂ ಅಂದ. ನಾನು ಇನ್ನೂ ಹಾಕು ಅಂದೆ. ಇಷ್ಟು ನೀಲಿ ಯಾವ ಮನೆಯಲ್ಲೂ ಇರುವುದಿಲ್ಲ ಎಂದು ಅವನು ಗೊಣಗಿದ. ನಮ್ಮ ಮನೆಯಲ್ಲಿ ಇತ್ತು ಅಂದೆ.

ಅದು ಮೆಣಸಿನಕಾಯಿ ಮಾರುಕಟ್ಟೆಗೆ ಬರುವ ಕಾಲ. ಊರಿನ ಗಾಳಿಯೇ ಕೆಂಪಗಿರುತ್ತದೆ. ಬೆಂಗಳೂರಿನಿಂದ ಬಂದವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದರು. ಆ ಚಿತ್ರಕ್ಕೆ ಡಬ್ಬಿಂಗ್ ಇರಲಿಲ್ಲ, ಮಾತನ್ನು ಸ್ಥಳದಲ್ಲೇ ಹಿಡಿಯುತ್ತಿದ್ದರು. ಹಾಗಾಗಿ ಶಾಟ್ ಶುರುವಾಗುವ ಮುನ್ನ ಸೀನುವವರು, ಕೆಮ್ಮುವವರು ಎಲ್ಲರೂ ಹೊರಗೆ ಹೋಗಬೇಕಿತ್ತು.

ಮೊದಲ ದೃಶ್ಯ ಒಲೆಯ ಮುಂದಿನದು. ನಟಿ ಎಲ್ಲಿ ಕೂರಬೇಕು, ಹೇಗೆ ಕೂರಬೇಕು ಎಂದು ಹೇಳುವುದು ನನ್ನ ಕೆಲಸವಲ್ಲ. ಆದರೂ ಹೇಳಿದೆ. ಬಾಗಿಲಿಗೆ ಬೆನ್ನು ಮಾಡಿ ಕೂರಲಿ, ಹಿಟ್ಟಿನ ಕೈಯಲ್ಲಿ ಮುಖ ಮುಟ್ಟಿಕೊಳ್ಳದೆ ಹೆಗಲಿಗೆ ಒರೆಸಿಕೊಳ್ಳಲಿ ಎಂದೆ. ಆಕೆ ಜಾಣೆ, ಒಂದೇ ಸಲಕ್ಕೆ ಹಿಡಿದಳು. ಬೆಳಕಿಂಡಿಯಿಂದ ದೀಪದ ಬೆಳಕು ಬಿಟ್ಟರು. ಹೊಗೆ ಎದ್ದಿತು. ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ನಾನು ಕ್ಯಾಮೆರಾದ ಪಕ್ಕದಲ್ಲಿ ನಿಂತಿದ್ದೆ, ಹೊಸ್ತಿಲು ಇರಬೇಕಾದ ಜಾಗದಲ್ಲಿ. ಅವ್ವಾ ಎಂದು ಕರೆಯಬೇಕೆನ್ನಿಸಿತು. ಬಾಯಿ ಬಿಟ್ಟಿದ್ದರೆ ಶಾಟ್ ಕೆಡುತ್ತಿತ್ತು.

ಶಾಟ್ ಕೆಟ್ಟಿತು, ಆದರೆ ನನ್ನಿಂದಲ್ಲ. ಧ್ವನಿ ಹಿಡಿಯುವಾತ ಕೈ ಎತ್ತಿದ. ಯಾರೋ ಕೆಮ್ಮಿದರು ಎಂದ. ಗೋಡೆಯ ಹಿಂದಿನಿಂದ ಬಂತಂತೆ. ಒಬ್ಬ ಹೋಗಿ ನೋಡಿ ಬಂದ. ಸೆಟ್ಟಿನ ಗೋಡೆಗೆ ಹಿಂದೆ ಏನಿರುತ್ತದೆ? ಪ್ಲೈವುಡ್ಡಿನ ಬರೀ ಮೈ, ಅದಕ್ಕೆ ಒತ್ತಾಸೆ ಕೊಟ್ಟ ಮರದ ಪಟ್ಟಿಗಳು, ಮರಳಿನ ಚೀಲಗಳು. ಅಲ್ಲಿ ಯಾರೂ ಇರಲಿಲ್ಲ. ಎರಡನೆಯ ಟೇಕ್‌ನಲ್ಲೂ ಕೆಮ್ಮು ಬಂತು. ಈ ಸಲ ನನಗೂ ಕೇಳಿಸಿತು. ಸಣ್ಣ ಕೆಮ್ಮು, ಬಾಯಿಗೆ ಬಟ್ಟೆ ಒತ್ತಿಕೊಂಡು ಕೆಮ್ಮಿದ ಹಾಗೆ. ಯಾರ್ರೀ ಅದು ಎಂದು ಧ್ವನಿಯವನು ರೇಗಿದ.

“ಆಕಳಾ ಕೆಮ್ಮಿರಬೇಕು,” ಅಂದೆ ನಾನು.

ಎಲ್ಲರೂ ನಕ್ಕರು. ಆಕಳು ಕೆಮ್ಮುವುದನ್ನು ಯಾರು ಕೇಳಿದ್ದಾರೆ? ಗೋದಾಮಿನ ಸುತ್ತ ದನವೂ ಇರಲಿಲ್ಲ. ಆ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತೋ ನನಗೇ ತಿಳಿಯಲಿಲ್ಲ. ಮಿಕ್ಕವರ ಜೊತೆ ನಾನೂ ನಕ್ಕೆ. ಮೆಣಸಿನಕಾಯಿಯ ಊರಿನಲ್ಲಿ ಎಲ್ಲಿಯ ಕೆಮ್ಮು ಎಲ್ಲಿ ಕೇಳಿಸುತ್ತದೋ ಹೇಳಲಾಗದು ಎಂದು ನಿರ್ದೇಶಕ ಸಮಾಧಾನ ಹೇಳಿ ಮುಂದುವರಿಸಿದ. ಮೂರನೆಯದರಲ್ಲಿ ನಟಿ ಎಲ್ಲಕ್ಕಿಂತ ಚೆನ್ನಾಗಿ ಮಾಡಿದಳು. ಕೊನೆಯಲ್ಲಿ ಕೆಮ್ಮು ಅದರಲ್ಲೂ ಇತ್ತು. ಮನೆ ಎಂದ ಮೇಲೆ ಯಾರಾದರೂ ಕೆಮ್ಮುತ್ತಾರೆ, ಇರಲಿ ಬಿಡಿ ಅಂದ ನಿರ್ದೇಶಕ. ಅದು ಚಿತ್ರದಲ್ಲಿ ಹಾಗೆಯೇ ಉಳಿಯಿತು.

ಕೆಲಸ ಮುಗಿದ ದಿನ ಸೆಟ್ ಬಿಚ್ಚಿಸಿದೆ. ಸಾಮಾನ್ಯವಾಗಿ ಅದನ್ನು ನೋಡುತ್ತಾ ನಿಲ್ಲುವವಳಲ್ಲ ನಾನು. ಅಂದು ನಿಂತೆ. ನೀಲಿ ಗೋಡೆಯನ್ನು ನಾಲ್ವರು ಹಿಡಿದು ಅಂಗಾತ ಮಲಗಿಸಿದಾಗ ಅದರ ಹಿಂದಿನ ಖಾಲಿ ಜಾಗ ಒಮ್ಮೆಲೇ ಕಂಡಿತು. ಬಹಳ ಹೊತ್ತು ಅದನ್ನೇ ನೋಡಿದೆ. ಲಾರಿಯವನು ಕರೆದ ಮೇಲೆ ಹೊರಟೆ.

ಮುಂದಿನ ವರ್ಷ ಆ ಚಿತ್ರದ ಕಲಾ ನಿರ್ದೇಶನಕ್ಕೆ ಪ್ರಶಸ್ತಿ ಬಂತು. ಆ ನೀಲಿ ಬಣ್ಣದ ಬಗ್ಗೆ, ಹೆಗಲಿಗೆ ಮುಖ ಒರೆಸಿಕೊಳ್ಳುವ ಆ ರೀತಿಯ ಬಗ್ಗೆ ಪತ್ರಿಕೆಯವರು ಬರೆದರು. ಹಾವೇರಿಯವರು ನಮ್ಮ ಜಿಲ್ಲೆಯ ಹೆಣ್ಣುಮಗಳು ಎಂದು ಸನ್ಮಾನ ಇಟ್ಟುಕೊಂಡರು. ಮಧ್ಯಾಹ್ನ ಸನ್ಮಾನ, ಅದಾದ ಮೇಲೆ ಚಿತ್ರ ಪ್ರದರ್ಶನ. ಚಿಗವ್ವ ಅದುವರೆಗೆ ನನ್ನ ಒಂದು ಚಿತ್ರವನ್ನೂ ನೋಡಿರಲಿಲ್ಲ. ಕಣ್ಣು ಉರಿಯುತ್ತದೆ ಅನ್ನುತ್ತಿದ್ದಳು. ಈ ಸಲ ಒತ್ತಾಯ ಮಾಡಿ ಕಾರಿನಲ್ಲಿ ಕೂರಿಸಿಕೊಂಡು ಹೋದೆ. ಮುಂದಿನ ಸಾಲಿನಲ್ಲಿ ಕೂರಿಸಿದರು. ಸೆರಗನ್ನು ಮೈತುಂಬ ಹೊದ್ದು, ಚಪ್ಪಲಿ ಬಿಚ್ಚಿ ಕುರ್ಚಿಯ ಕೆಳಗಿಟ್ಟು ಕೂತಳು.

ಶಾಲು ಹೊದಿಸಿದ ಮೇಲೆ ಮಾತಾಡಲು ಹೇಳಿದರು. ಇದು ನಾನು ಕಟ್ಟಿದ ಸೆಟ್ಟಲ್ಲ, ನಮ್ಮವ್ವನ ಅಡುಗೆಮನೆ, ಅವಳನ್ನು ನಾನು ಕಂಡದ್ದು ಅಲ್ಲಿ ಮಾತ್ರ ಎಂದೆ. ಜನ ಚಪ್ಪಾಳೆ ತಟ್ಟಿದರು. ಚಿಗವ್ವ ತಟ್ಟಲಿಲ್ಲ. ಅವಳ ಎದುರು ಹಾಗೆ ಅನ್ನಬಾರದಿತ್ತೇನೋ ಎಂದು ಆಗ ಅನ್ನಿಸಿತು.

ದೀಪ ಆರಿಸಿದರು. ನಾನು ಅವಳ ಪಕ್ಕದಲ್ಲೇ ಕೂತೆ. ಅಡುಗೆಮನೆ ಬರುತ್ತಲೇ ಅವಳು ಮುಂದಕ್ಕೆ ಬಾಗಿದಳು. ನಟಿ ಹೆಗಲಿಗೆ ಮುಖ ಒರೆಸಿಕೊಂಡಾಗ ಚಿಗವ್ವನ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಆಮೇಲೆ ಆ ಕೆಮ್ಮು ಬಂತು. ಅವಳು ಎದ್ದು ನಿಂತಳು. ತೆರೆಯ ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು. ನನ್ನ ಕೈ ಬಿಟ್ಟು, ಬರಿಗಾಲಿನಲ್ಲೇ, ಕತ್ತಲಲ್ಲಿ ಕುರ್ಚಿಗಳನ್ನು ತಡವಿಕೊಳ್ಳುತ್ತಾ ಹೊರಗೆ ಹೋದಳು.

ನಾನು ಚಪ್ಪಲಿ ಎತ್ತಿಕೊಂಡು ಹಿಂದೆ ಹೋದೆ. ಸಭಾಭವನದ ಹೊರಗಿನ ನಲ್ಲಿಯ ಹತ್ತಿರ ಅವಳು ಮುಖ ತೊಳೆಯುತ್ತಿದ್ದಳು. ಕಣ್ಣು ಉರಿಯುತ್ತಿದೆ, ಮನೆಗೆ ಹೋಗೋಣ ಅಂದಳು. ಕಾರಿನಲ್ಲಿ ಡ್ರೈವರ್ ಇದ್ದುದರಿಂದ ನಾನು ಏನೂ ಕೇಳಲಿಲ್ಲ. ಮೋಟೆಬೆನ್ನೂರು ಬಂದಾಗ ಅವಳು ಕಣ್ಣು ಮುಚ್ಚಿಕೊಂಡಳು.

ಮರುದಿನ ಬೆಳಿಗ್ಗೆ ಅವಳು ಮೆಂತೆಸೊಪ್ಪು ಸೋಸುತ್ತಾ ಕೂತಿದ್ದಳು. ನಾನು ಎದುರಿಗೆ ಕೂತು ಎಲೆ ಬಿಡಿಸತೊಡಗಿದೆ. ನನ್ನನ್ನು ನೋಡದೆ ಹೇಳಿದಳು.

“ಆ ಗ್ವಾಡಿಗೆ ಸುಣ್ಣಾ ಹಚ್ಚಿದಾಕಿ ನಾನು. ನೀಲಿ ಎಷ್ಟ ಹಾಕಬೇಕಂತ ಗೊತ್ತಿರಲಿಲ್ಲ ನನಗ, ಪುಡಕಿ ಪೂರ್ತಿ ಸುರುವಿದ್ದೆ. ನಿಮ್ಮಪ್ಪಾರು ನೋಡಿ ನಕ್ಕಿದ್ರು.”

ನನಗೆ ಅರ್ಥವಾಗಲಿಲ್ಲ. ಅವ್ವ ಇದ್ದಾಗಲೇ ಗೋಡೆ ನೀಲಿ ಇತ್ತಲ್ಲ ಅಂದೆ.

“ನಿಮ್ಮವ್ವ ಇದ್ದಾಗನ ನಾ ಬಂದಿದ್ದೆ,” ಅಂದಳು.

ಆಮೇಲೆ ಅವಳು ಒಂದೊಂದಾಗಿ ಹೇಳಿದ್ದನ್ನು ಇಲ್ಲಿ ನನ್ನ ಮಾತಿನಲ್ಲಿ ಬರೆಯುತ್ತೇನೆ. ಅವ್ವನಿಗೆ ಬಂದದ್ದು ಜ್ವರವಲ್ಲ, ಕ್ಷಯ. ಆ ಕಾಲದಲ್ಲಿ ಆ ಹೆಸರು ಹೊರಗೆ ಬಿದ್ದರೆ ಮನೆಗೆ ಜನ ಬರುತ್ತಿರಲಿಲ್ಲ, ಮುಂದೆ ಮಗಳನ್ನು ಯಾರೂ ಲಗ್ನ ಮಾಡಿಕೊಳ್ಳುತ್ತಿರಲಿಲ್ಲ. ಹೆಣ್ಣು ಕೂಸು ಎಂದು ಅಪ್ಪ ಮುಚ್ಚಿಟ್ಟರು. ಅಡುಗೆಮನೆಯ ಗೋಡೆಗೆ ಹೊಂದಿ ಆಚೆಗೆ ಒಂದು ಸಣ್ಣ ಖೋಲಿ ಇತ್ತು, ಮೊದಲು ಬೀಜದ ಚೀಲ ಇಡುತ್ತಿದ್ದದ್ದು. ಬಾಗಿಲು ಹಿತ್ತಲಿಗೆ. ಅವ್ವನನ್ನು ಅಲ್ಲಿ ಮಲಗಿಸಿದರು. ಕೂಸನ್ನು ಹತ್ತಿರ ಬಿಡಬಾರದೆಂದು ಡಾಕ್ಟರು ಹೇಳಿದ್ದರು. ನನಗೆ ಅವ್ವ ಮೋಟೆಬೆನ್ನೂರಿಗೆ ಹೋಗಿದ್ದಾಳೆ ಎಂದು ಹೇಳಿದರು. ಅಡುಗೆಗೆ, ಆರೈಕೆಗೆ ಎಂದು ಕುಪ್ಪೇಲೂರಿನಿಂದ ಚಿಗವ್ವನನ್ನು ಕರೆಸಿದರು. ಆಗ ಅವಳಿಗೆ ಹದಿನೇಳು. ಲಗ್ನದ ಮಾತು ಆಗ ಯಾರ ಮನಸ್ಸಿನಲ್ಲೂ ಇರಲಿಲ್ಲ. ಅದು ಅವ್ವ ಆ ಖೋಲಿಯಲ್ಲೇ ತೀರಿಕೊಂಡು ವರ್ಷವಾದ ಮೇಲೆ ಆದದ್ದು. ಆ ಖೋಲಿಯನ್ನು ಅಪ್ಪ ಆಮೇಲೆ ನೆಲಸಮ ಮಾಡಿಸಿದರು.

ನಾನು ಸೊಪ್ಪು ಕೈಯಲ್ಲಿ ಹಿಡಿದು ಕೂತಿದ್ದೆ. ಹಾಗಾದರೆ ಒಲೆಯ ಮುಂದೆ ಕೂತವಳು ನೀನೇ ಏನು ಎಂದು ಕೇಳಿದೆ. ಹೂಂ ಅಂದಳು.

“ಮತ್ತ ತಿರಗತಿರಲಿಲ್ಲ ಯಾಕ? ನಾ ಕರದರ?”

ಅವಳು ಸೋಸಿದ ಸೊಪ್ಪನ್ನು ಬದಿಗಿಟ್ಟಳು.

“ನೀ ನನಗ ಅವ್ವಾ ಅಂತಿದ್ದಿ. ಗ್ವಾಡಿ ಆಚೀಕ ಅಕ್ಕ ಮಲಗಿರತಿದ್ಲು, ಎಲ್ಲಾ ಕೇಳತಿತ್ತು ಆಕೀಗೆ. ನಾ ಓ ಅಂದ್ರ ಆಕೀ ಜೀವಕ್ಕ ಹೆಂಗ ಆದೀತು? ಅದಕ್ಕ ತಿರಗತಿರಲಿಲ್ಲ. ಅಳತಿದ್ದೆ. ಕೈಯಾಗ ಹಿಟ್ಟ ಇರತಿತ್ತು, ಹೆಗಲಿಗೆ ಒರಸ್ಕೋತಿದ್ದೆ. ನೀ ಆ ಹುಡುಗಿಗೆ ಕಲಿಸಿಯಲ್ಲಾ, ಹಂಗ.”

ಕೆಮ್ಮಿನ ಬಗ್ಗೆ ಕೇಳಲು ನನಗೆ ಧೈರ್ಯವಾಗಲಿಲ್ಲ. ಅವಳೇ ಹೇಳಿದಳು. ನಾನು ಅಡುಗೆಮನೆಯಲ್ಲಿ ಇರುವಷ್ಟು ಹೊತ್ತು ಅವ್ವ ಉಸಿರು ಬಿಗಿಹಿಡಿದು ಮಲಗುತ್ತಿದ್ದಳಂತೆ. ತಡೆಯಲಾಗದೆ ಕೆಮ್ಮು ಬಂದರೆ ಬಾಯಿಗೆ ಸೀರೆ ಒತ್ತಿಕೊಳ್ಳುತ್ತಿದ್ದಳಂತೆ. ಆದರೂ ಕೇಳಿಸುತ್ತಿತ್ತು. ಯಾರು ಕೆಮ್ಮುತ್ತಿದ್ದಾರೆ ಎಂದು ನಾನು ಕೇಳುತ್ತಿದ್ದೆ. “ಹಿತ್ತಲದಾಗ ಆಕಳಾ ಕೆಮ್ಮಾಕತ್ತೈತಿ ಅಂತ ಹೇಳತಿದ್ವಿ ನಿನಗ.”

ಬ್ಯಾಡಗಿಯ ಗೋದಾಮಿನಲ್ಲಿ ನಾನು ಆಡಿದ ಮಾತನ್ನು ಅವಳಿಗೆ ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ.

ಆಗ ಚಿಗವ್ವ ಹೀಗೆ ತಿರುಗದೆ ಕೆಲವು ದಿನ ಕಳೆದ ಮೇಲೆ ಅವ್ವ ಗೋಡೆ ಬಡಿದು ಅವಳನ್ನು ಕರೆದಳಂತೆ. ಕೂಸು ಕರೆದರೆ ತಿರುಗು, ನನ್ನ ಸಲುವಾಗಿ ಅದನ್ನು ಅಳಿಸಬೇಡ ಎಂದಳಂತೆ. ಅಂದಿನಿಂದ ಚಿಗವ್ವ ತಿರುಗತೊಡಗಿದಳು. ಆದರೆ ನನಗೆ ನೆನಪಿರುವುದು ತಿರುಗದ ದಿನಗಳು ಮಾತ್ರ.

ಅವ್ವ ನನ್ನನ್ನು ನೋಡಿದ್ದಳೇ ಎಂದು ಕೇಳಿದೆ.

“ದಿನಾ ನೋಡತಿದ್ಲು. ನೀ ಹಿತ್ತಲದಾಗ ಆಡತಿದ್ದಿ, ಬಾಗಲಾ ಸಂದಿ ಮಾಡಿ ಕುಂತ ನೋಡತಿದ್ಲು. ನೀ ಆಕೀನ್ನ ನೋಡಲಿಲ್ಲ, ಅಷ್ಟ.”

ಅಂದಿನಿಂದ ಕೆಲವು ತಿಂಗಳು ನನಗೆ ಕೆಲಸ ಮಾಡಲಾಗಲಿಲ್ಲ. ಒಂದು ಚಿತ್ರ ಒಪ್ಪಿಕೊಂಡಿದ್ದೆ, ಬಿಟ್ಟೆ. ಯಾವ ಗೋಡೆಯ ನಕ್ಷೆ ಬರೆದರೂ ಅದರ ಆಚೆ ಯಾರಿದ್ದಾರೆ ಎಂಬ ಯೋಚನೆ ಬರುತ್ತಿತ್ತು. ನನಗಿದ್ದದ್ದು ಒಂದು ನೆನಪು, ಅದೂ ಅವ್ವನದಾಗಿರಲಿಲ್ಲ. ಅವಳು ಈಗ ಇನ್ನೊಂದು ಸಲ ಸತ್ತಂತಾಯಿತು. ಕನಸಿನಲ್ಲಿ ಬೆನ್ನು ಬರುವುದು ನಿಂತಿತು. ಅದರ ಬದಲಿಗೆ ನಾನೇ ಕತ್ತಲಿನ ಒಂದು ಜಾಗದಲ್ಲಿ ಮಲಗಿರುತ್ತಿದ್ದೆ. ಆಚೆಯಿಂದ ರೊಟ್ಟಿ ಬಡಿಯುವ ಸಪ್ಪಳ, ಒಂದು ಕೂಸಿನ ದನಿ. ನನಗೆ ಕೆಮ್ಮು ಬರುತ್ತಿತ್ತು, ಕೆಮ್ಮುವಂತಿರಲಿಲ್ಲ.

ಕೊನೆಗೆ ಮೋಟೆಬೆನ್ನೂರಿಗೆ ಹೋಗಲು ನಿರ್ಧರಿಸಿದೆ. ಅಲ್ಲಿ ಅವ್ವನ ಅಕ್ಕ, ನನ್ನ ದೊಡ್ಡವ್ವ ಇದ್ದಳು. ಅಪ್ಪನ ಎರಡನೆಯ ಲಗ್ನವಾದ ಮೇಲೆ ಅವಳು ನಮ್ಮ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಶಾಲೆಯ ಸೂಟಿಯಲ್ಲಿ ನನ್ನನ್ನಷ್ಟೇ ಕರೆಸಿಕೊಳ್ಳುತ್ತಿದ್ದಳು. ಅವ್ವನ ಮಾತು ಎತ್ತಿದರೆ ಎದ್ದು ಹೋಗುತ್ತಿದ್ದಳು. ನಾನೊಬ್ಬಳೇ ಹೊರಟಿದ್ದೆ. ಬಾಗಿಲಿಗೆ ಬಂದಾಗ ಚಿಗವ್ವ ಸೀರೆ ಬದಲಿಸಿ ನಿಂತಿದ್ದಳು. ನಾನೂ ಬರುತ್ತೇನೆ ಅಂದಳು.

ದೊಡ್ಡವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಚಿಗವ್ವನನ್ನು ನೋಡಿದಳು, ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ನನಗೆ ಹೇಳಿದಳು: “ನಿಮ್ಮ ಚಿಗವ್ವಗ ಕುಂದರಾಕ ಚಾಪಿ ಹಾಕು.” ಚಹಾ ಬಂದಾಗಲೂ ಸಕ್ಕರೆ ಬೇಕೇನು ಎಂದು ನನ್ನನ್ನೇ ಕೇಳಿದಳು. ಪಕ್ಕದಲ್ಲೇ ಕೂತಿದ್ದ ಚಿಗವ್ವನೂ ಬೇಡ ಎಂದು ನನಗೇ ಹೇಳಿದಳು.

ಎಲ್ಲ ಗೊತ್ತಾಗಿದೆ, ಈಗ ಅವ್ವ ಹೇಗಿದ್ದಳು ಎಂದು ಹೇಳು ಅಂದೆ ದೊಡ್ಡವ್ವನಿಗೆ. ಈ ಸಲ ಅವಳು ಎದ್ದು ಹೋಗಲಿಲ್ಲ. ಶೇಂಗಾ ಸುಲಿಯುತ್ತಲೇ ಹೇಳಿದಳು. ಅವ್ವ ಕೂತಲ್ಲಿ ಕೂರುವವಳಲ್ಲವಂತೆ. ರೊಟ್ಟಿ ಬಡಿಯಲು ಕೂರಿಸಿದರೆ ಎರಡು ಬಡಿದು ಎದ್ದು ಓಡುತ್ತಿದ್ದಳಂತೆ. ಹುಣಸೆ ಗಿಡ ಹತ್ತುತ್ತಿದ್ದಳು, ಲಗ್ನವಾಗಿ ತವರಿಗೆ ಬಂದಾಗಲೂ ಹತ್ತಿ ಬೈಸಿಕೊಂಡಿದ್ದಳು. ಜೋರಾಗಿ ನಗುತ್ತಿದ್ದಳು, ಹಾದಿಯಲ್ಲಿ ಹೋಗುವವರು ತಿರುಗಿ ನೋಡುವ ಹಾಗೆ. ನಾನು ಕೇಳುತ್ತಾ ಹೋದೆ. ಇವಳು ಯಾರೋ ಬೇರೆ. ಇವಳನ್ನು ಕೂರಿಸಲು ನಾನು ಯಾವ ಮನೆ ಕಟ್ಟಲಿ? ಅಂಥವಳನ್ನು ಆ ಖೋಲಿಯಲ್ಲಿ, ಸದ್ದಾಗದ ಹಾಗೆ ಮಲಗಿಸಿದ್ದರು. ಅದನ್ನು ನೆನೆದು ಅತ್ತೆ. ಅಲ್ಲಿಯವರೆಗೆ ನಾನು ಅತ್ತಿರಲಿಲ್ಲ.

ದೊಡ್ಡವ್ವ ಶೇಂಗಾದ ಮೊರವನ್ನು ಬದಿಗೆ ಸರಿಸಿದಳು. ಮೊದಲ ಬಾರಿಗೆ ಚಿಗವ್ವನ ಕಡೆ ಮುಖ ಮಾಡಿದಳು.

“ಕಡೀಕ ಆಕಿ ಏನರ ಕೇಳಿದ್ಲೇನು ನಿನ್ನ?”

ಚಿಗವ್ವ ತಲೆ ತಗ್ಗಿಸಿದಳು. “ಹುರದ ಶೇಂಗಾ ಕೇಳಿದ್ಲು. ಕೆಮ್ಮ ಜಾಸ್ತಿ ಆಗತೈತಿ, ಕೊಡಬ್ಯಾಡ ಅಂದಿದ್ರು ಎಲ್ಲಾರು.”

“ಮತ್ತ?”

“ಕೊಟ್ಟೆ. ಬೆಲ್ಲಾ ಹಚ್ಚಿ ಕೊಟ್ಟೆ.”

ದೊಡ್ಡವ್ವ ಕೈಯ ಸಿಪ್ಪೆ ಕೊಡವಿದಳು. “ಚಲೋ ಮಾಡಿದಿ,” ಅಂದಳು. ಆಮೇಲೆ ಎದ್ದು, ಸೊಂಟ ಹಿಡಿದುಕೊಳ್ಳುತ್ತಾ ಒಳಗೆ ಹೋಗಿ, ಊಟ ಮಾಡಿಕೊಂಡು ಹೋಗಬೇಕು, ಈಗ ರಾಣೆಬೆನ್ನೂರಿನ ಬಸ್ಸು ಹೇಗೂ ತಡ ಎಂದು ಅಲ್ಲಿಂದಲೇ ಕೂಗಿ ಹೇಳಿದಳು. ಚಿಗವ್ವ ನನ್ನ ಮುಖ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರನ್ನೂ ಕೇಳದೆ, ಅವಳ ಹಿಂದೆಯೇ ಒಳಗೆ ಹೋದಳು.